ಪೋರ್ಟ್ ಮಾವ

ಕಚೇರಿಗೆಲ್ಲ ಅವರು ಪೋರ್ಟ್ ಮಾವ. ಸರ್ವರಿನಲ್ಲಿ ಕಂಟೇನರ್ ಎಂಬ ಪ್ರತ್ಯೇಕ ಗೂಡಿನೊಳಗೆ ಓಡುವ ತಂತ್ರಾಂಶವನ್ನು ಹೊರಗಿನವರು ಯಾವ ನಂಬರಿನ ಪೋರ್ಟಿನಿಂದ, ಅಂದರೆ ಯಾವ ಬಾಗಿಲಿನಿಂದ, ತಲುಪಬೇಕೆಂಬುದು ಅವರ ಅಪ್ಪಣೆ. ಸರ್ವರ್ ರೀಸ್ಟಾರ್ಟ್ ಆದಾಗಲೆಲ್ಲ ನಂಬರು ಹಳೆಯದಕ್ಕೇ ಮರಳುತ್ತದೆ, "ಮಾವಾ, ಮತ್ತೆ ಕೈಕೊಡ್ತು, ಬನ್ನಿ!" ಎಂಬ ಕೂಗೇಳುತ್ತದೆ. "ನಾನಿಲ್ದಿದ್ರೆ ನಿಮ್ಮದು ನಾಯಿಪಾಡು ಕಣ್ರಯ್ಯಾ" ಎನ್ನುತ್ತ ಮಾವ ಕನ್ನಡಕ ಒರೆಸಿ, ತೋಳು ಮಡಿಸಿ, ನಂಬರು ತಿದ್ದಿ, ಕೋಟೆ ಗೆದ್ದವರಂತೆ ಸುತ್ತ ನೋಡುತ್ತಾರೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೇ ಸಾಲು ಬರೆದರೆ ಅದು ಕಾಯಂ ನಿಲ್ಲುತ್ತದೆಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಮನೆಯಲ್ಲಿ "ಅಪ್ಪಾ, ಇದೊಂಚೂರು ನೋಡಿ" ಎನ್ನುವವರು ಇಲ್ಲದೆ ಎಷ್ಟೋ ಕಾಲವಾಗಿದೆ. ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದವಳು, "ಮಾವಾ, ಇನ್ಮೇಲೆ ನಿಮ್ಗೆ ತೊಂದ್ರೆ ಇಲ್ಲ, ಆ ಸಾಲು ನಾನೇ ಹಾಕ್ಬಿಟ್ಟೆ" ಎಂದಳು. "ಒಳ್ಳೇದಾಯ್ತು ಬಿಡಮ್ಮಾ" ಎಂದರು. ಈಗ ಮಾವ ಎಲ್ಲರಿಗಿಂತ ಮೊದಲು ಬಂದು, ಕಂಟೇನರ್ ಎಲ್ಲಾದರೂ ನಿಂತುಹೋಗಿದೆಯೇ ಎಂದು ಆಸೆಯಿಂದ ನೋಡುತ್ತಾರೆ. ಅದು ಸರಿಯಾಗಿಯೇ ಓಡುತ್ತಿರುತ್ತದೆ.