ನಿಬ್ಬಣದ ಲಾರಿ ನಿಂತ ದಿನ

ಈಗಿನ ಲಾರಿಗಳಲ್ಲಿ ಎಂಜಿನ್ ಕೆಟ್ಟರೆ ಏನು ಕೆಟ್ಟಿದೆ ಎಂಬುದನ್ನು ಗಾಡಿಯೇ ಒಂದು ಕೋಡ್ ತೋರಿಸಿ ಹೇಳುತ್ತದೆ. ಎಂಬತ್ತರ ದಶಕದಲ್ಲಿ ನಾನು ಆಳಂದದಲ್ಲಿ ಲಾರಿ ಓಡಿಸುತ್ತಿದ್ದಾಗ ಅಂಥದ್ದೇನೂ ಇರಲಿಲ್ಲ. ಎಂಜಿನ್ನಿನ ಸದ್ದು, ಹೊಗೆಯ ಬಣ್ಣ, ಕೈಗೆ ತಾಗುವ ಬಿಸಿ, ಇಷ್ಟರಲ್ಲೇ ಊಹಿಸಬೇಕು. ಊಹೆ ತಪ್ಪಿದರೆ ರಸ್ತೆಯ ಬದಿಗೆ ಕೂರಬೇಕು.

ಲಾರಿ ನನ್ನದಲ್ಲ, ಊರಿನ ಒಬ್ಬ ಸಾಹುಕಾರರದು. ಸೊಲ್ಲಾಪುರದ ಕಡೆಯಿಂದ ಹಳೆಯ ಗಾಡಿ ಕೊಂಡು ತಂದಿದ್ದರು. ಅಫಜಲಪುರದಿಂದ ತೊಗರಿ ಚೀಲ ಹೇರಿಕೊಂಡು ಬರುವಾಗ ಅದು ಮೊದಲ ಸಲ ನಿಂತಿತು. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಉಸಿರು ಸಿಕ್ಕಿಕೊಂಡಂತೆ ಜಗ್ಗಿ ಜಗ್ಗಿ ಸುಮ್ಮನಾಯಿತು. ಕೆಳಗಿಳಿದು ಅದನ್ನೂ ಇದನ್ನೂ ಮುಟ್ಟಿ ನೋಡಿದೆ. ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು.

ಆಮೇಲೆ ಅದೇ ಅದರ ಚಾಳಿಯಾಯಿತು. ಊರಿನಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿಯ ಹತ್ತಿರ ಒಯ್ದೆ. ವಯಸ್ಸಾದ ಮನುಷ್ಯ. ನನ್ನ ಮಾತು ಪೂರ್ತಿ ಕೇಳಿ, "ಡೀಸೆಲ್ ಪೈಪಿನಾಗ ಗಾಳಿ ಹೊಕ್ಕಾದ," ಎಂದ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗುಳ್ಳೆಗಳೆಲ್ಲ ಹೋಗುವವರೆಗೆ ಡೀಸೆಲ್ ಚೆಲ್ಲಿದ. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ ಬಾಯಿ ಹಚ್ಚಿ ಊದಿದ. ಕೆಲವು ದಿನ ಗಾಡಿ ಸರಿಯಾಗಿ ಓಡಿತು. ಮತ್ತೆ ನಿಂತಿತು. ಫಿಲ್ಟರ್ ಬದಲಾಯಿತು, ವಾಷರುಗಳು ಬದಲಾದವು. ಕೊನೆಗೆ ಡೀಸೆಲ್ ಎಳೆಯುವ ಪಂಪನ್ನೇ ಹೊಸದು ಹಾಕಿದ. ಟ್ಯಾಂಕಿನ ತಳದ ಬೋಲ್ಟ್ ಬಿಚ್ಚಿದರೆ ಡೀಸೆಲ್ ತಿಳಿಯಾಗಿ ಸುರಿಯಿತು, ಕಸ ಕಾಣಲಿಲ್ಲ. ಅವನ ಅಂಗಳದಲ್ಲಿ ಮಾತ್ರ ಲಾರಿ ಒಂದು ಸಲವೂ ನಿಲ್ಲಲಿಲ್ಲ.

"ನನ್ನ ಮುಂದ ನಿಲ್ಲಬೇಕಲ್ಲೋ ಇದು," ಎಂದು ಅವನು ತಲೆ ಕೆರೆದುಕೊಂಡ. "ನಿಲ್ಲದ್ದಕ್ಕ ನಾ ಏನ್ ಮಾಡ್ಲಿ?"

ಹೊಸ ಪಂಪು ಹಾಕಿದ ಮೇಲೆ ಕಾಟ ತಪ್ಪಿತು ಎಂದುಕೊಂಡೆವು. ಆ ಧೈರ್ಯದ ಮೇಲೆಯೇ ಸಾಹುಕಾರರು ಮಟಕಿ ಊರಿನ ಒಂದು ಮನೆತನದ ಮದುವೆಯ ನಿಬ್ಬಣಕ್ಕೆ ಲಾರಿ ಒಪ್ಪಿಕೊಂಡರು. ಹುಡುಗಿಯ ಊರು ಜೇವರ್ಗಿಯ ಆಚೆ. ಮುಹೂರ್ತದ ಅಕ್ಕಿಕಾಳು ಬೀಳುವುದು ಮಧ್ಯಾಹ್ನ. ಬೆಳಕು ಹರಿಯುವಾಗಲೇ ಹೊರಟೆವು. ಹಿಂದೆ ಜಮಖಾನ ಹಾಸಿ ಹೆಣ್ಣುಮಕ್ಕಳು, ಮಕ್ಕಳು, ಗಂಟುಗಳು. ಮುಂದೆ ನನ್ನ ಪಕ್ಕ ಮದುಮಗ ಮತ್ತು ಅವನ ತಂದೆ. ಮದುಮಗ ಬಾಸಿಂಗದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲುಗಾಡದೆ ಕೂತಿದ್ದ. ಹಿಂದಿನಿಂದ ಸೋಬಾನೆ ಕೇಳುತ್ತಿತ್ತು.

ಗುಲ್ಬರ್ಗಾ ದಾಟಿ, ಭೀಮಾ ನದಿಯ ಸೇತುವೆ ಇನ್ನೂ ದೂರವಿರುವಾಗ ನನ್ನ ಕಾಲಿನ ಕೆಳಗೆ ಆ ಜಗ್ಗಾಟ ಶುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿಯ ಬಲ ಕುಗ್ಗಿತು. ರಸ್ತೆಯ ಬದಿಗೆ ತಂದು ನಿಲ್ಲಿಸುವಷ್ಟರಲ್ಲಿ ಎಂಜಿನ್ ಆರಿಹೋಯಿತು. ಹಿಂದಿನ ಹಾಡು ಇನ್ನೂ ಒಂದು ಸಾಲು ಮುಂದುವರಿದು ನಿಂತಿತು.

ಕೈಪಂಪು ಒತ್ತಿದೆ. ಕಲ್ಲಿನಂತೆ ಗಟ್ಟಿಯಾಗಿತ್ತು, ಡೀಸೆಲ್ ಮೇಲೆ ಬರಲೊಲ್ಲದು. ಗಂಡಸರೆಲ್ಲ ಇಳಿದು ಸುತ್ತ ನಿಂತರು. ಬ್ಯಾಟರಿ ಇಳಿದಿದೆ ಎಂದ ಒಬ್ಬ. ಎಂಜಿನ್ನಿಗೆ ನೀರು ಹಾಕಿ ಎಂದ ಇನ್ನೊಬ್ಬ. "ಗಾಣಗಾಪುರದ ದೇವ್ರಿಗೆ ಒಂದ್ ಕಾಯಿ ಬೇಡ್ಕೋರಿ," ಎಂದಳು ಲಾರಿಯ ಮೇಲಿಂದ ಒಬ್ಬ ಮುದುಕಿ. ನಾನು ಅದನ್ನೂ ಬೇಡಿಕೊಂಡೆ. ಎಲ್ಲರೂ ಸೇರಿ ತಳ್ಳಿದರು. ಗಾಡಿ ಉರುಳಿತು, ಎಂಜಿನ್ ಹತ್ತಲಿಲ್ಲ. ಬಿಸಿಲು ಏರಿತು.

ಮದುಮಗನ ತಂದೆ ಬೈಯಲಿಲ್ಲ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಏನಾಗ್ಯಾದ್ರಿ ಇದಕ್ಕ?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಾಗವಲ್ದುರಿ," ಎಂದೆ.

ಆಗ ಜೇವರ್ಗಿಯ ಕಡೆಗೆ ಹೋಗುವ ಬಸ್ಸೊಂದು ಬಂತು. ಒಳಗೆ ಕಾಲಿಡಲು ಜಾಗವಿಲ್ಲ. ಕೈ ಮುಗಿದು ಕೇಳಿದ್ದಕ್ಕೆ ಕಂಡಕ್ಟರ್ ಮದುಮಗನನ್ನೂ ಮನೆಯ ಮೂರು ಮಂದಿಯನ್ನೂ ಹತ್ತಿಸಿಕೊಳ್ಳುತ್ತೇನೆ ಎಂದ. ಮದುಮಗ ಹತ್ತಿದ, ಅವನ ತಂದೆ ಮತ್ತು ಸೋದರಮಾವ ಹತ್ತಿದರು. ಉಳಿದದ್ದು ಒಂದು ಜಾಗ. ಮದುಮಗನ ತಾಯಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವಳು ಹಿಂದಕ್ಕೆ ಇಳಿದಳು. ಹಿರಿಯ ಮಗಳ ರಟ್ಟೆ ಹಿಡಿದು ಮುಂದೆ ತಳ್ಳಿದಳು.

"ನೀ ಹೋಗವ್ವಾ. ಕಳಶ ಹಿಡಿಯೋಕಿ ನೀನ. ನಾ ಇಲ್ದಿದ್ರ ಏನ್ ನಿಲ್ತದ?"

"ಅವ್ವಾ, ನೀ ಬಾ," ಎಂದ ಮದುಮಗ ಒಳಗಿನಿಂದ. ಬಸ್ಸು ಹೊರಟಿತ್ತು.

ಅವಳು ಬಂದು ಲಾರಿಯ ನೆರಳಿನಲ್ಲಿ ಕೂತಳು. ನಾನು ಕೈಯೆಲ್ಲ ಡೀಸೆಲ್ ಮಾಡಿಕೊಂಡು ಅಲ್ಲೇ ಗಾಲಿಯ ಬಳಿ ಕುಕ್ಕರಿಸಿದ್ದೆ. ಅವಳೇ ಮಾತು ತೆಗೆದಳು.

"ಏನ್ ಕೆಟ್ಟಾದ ಅಂತ ನಿಮಗ ಹೆಂಗ್ ಗೊತ್ತಾಗ್ತದ ತಮ್ಮಾ?"

"ಗೊತ್ತಾಗ್ತಿದ್ರ ಹಿಂಗ್ ಕೂಡ್ತಿದ್ದಿಲ್ರಿ ಯವ್ವಾ. ಮಿಸ್ತ್ರಿ ಮುಂದ ಒಯ್ದ್ರ ಸುದ್ದ ಇರ್ತದ. ದಾರ್ಯಾಗ ಕೈ ಕೊಡ್ತದ."

"ನಮ್ಮ ಎಮ್ಮಿನೂ ಹಂಗ ಮಾಡ್ತು. ಡಾಕ್ಟ್ರು ಬಂದಾಗ ಎದ್ದ್ ನಿಂತು ಹುಲ್ಲ್ ತಿಂತು. ಅವ್ರು ಹ್ವಾದ ಮ್ಯಾಲ ಮಲಗಿದ್ದು ಏಳ್ಲೇ ಇಲ್ಲ." ಆಮೇಲೆ ಸೂರ್ಯನನ್ನು ನೋಡಿ, "ಈಗ ಹೊತ್ತಾಗ್ಯದ ಏನು, ಅಕ್ಕಿಕಾಳಿಗೆ?" ಎಂದಳು.

ಆಗಿತ್ತು. ಆದರೂ ನಾನು, "ಇನ್ನೂ ಆಗಿಲ್ರಿ," ಎಂದೆ.

ಎದ್ದು ಹೋಗಿ ಸುಮ್ಮನೆ ಚಾವಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಎಲ್ಲರೂ ಕೂಗುತ್ತ ಲಾರಿ ಏರಿದರು. ಸೇತುವೆ ದಾಟಿದ ಮೇಲೆ ಅದು ಮತ್ತೊಮ್ಮೆ ನಿಂತಿತು. ಈ ಸಲ ಯಾರೂ ಇಳಿಯಲಿಲ್ಲ, ಯಾರೂ ಸಲಹೆ ಕೊಡಲಿಲ್ಲ. ನಾನು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಾದೆ. ಮಾಡಬಹುದಾದದ್ದು ಅದೊಂದೇ ಆಗಿತ್ತು.

ನಾವು ಹುಡುಗಿಯ ಊರು ಮುಟ್ಟಿದಾಗ ಹಂದರದಲ್ಲಿ ಊಟದ ಪಂಕ್ತಿ ನಡೆದಿತ್ತು. ನೆಲದ ಮೇಲೆ ಹಳದಿ ಅಕ್ಕಿ ಚೆಲ್ಲಿತ್ತು. ಹೊಸ ಗಂಡಹೆಂಡತಿ ಬಂದು ತಾಯಿಯ ಕಾಲಿಗೆ ಬಿದ್ದರು. ಯಾರೋ ಓಡಿಹೋಗಿ ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಕಾಳು ತಂದು ಕೊಟ್ಟರು. ಅವಳು ಅದನ್ನು ಇಬ್ಬರ ತಲೆಯ ಮೇಲೆ ಹಾಕಿದಳು. ಬಾಜಾದವರು ಊಟಕ್ಕೆ ಕೂತಿದ್ದರು. ನಾನು ಊಟ ಮಾಡದೆ ಲಾರಿಯಲ್ಲೇ ಮಲಗಿದೆ.

ದೋಷ ಸಿಕ್ಕಿದ್ದು ಮಳೆಗಾಲ ಕಳೆದ ಮೇಲೆ, ಹುಡುಕದೇ ಇದ್ದಾಗ. ಡೀಸೆಲ್ ಟ್ಯಾಂಕು ಬಿರುಕು ಬಿಟ್ಟು ಸೋರತೊಡಗಿತು. ಬೆಸುಗೆಗೆಂದು ಬಿಚ್ಚಿ, ಮಿಸ್ತ್ರಿ ಅದರೊಳಗೆ ನೀರು ತುಂಬಿ ಅಲ್ಲಾಡಿಸಿದ. ಬಾಯಿಯ ಹತ್ತಿರ ಏನೋ ಕಪ್ಪಗೆ ತೇಲಿ ಬಂತು. ಕಡ್ಡಿಯಿಂದ ಎಳೆದರೆ ಅಂಗೈಯಗಲದ ಅರಿವೆ. ಹಿಂದೆ ಟ್ಯಾಂಕಿನ ಮುಚ್ಚಳ ಕಳೆದುಹೋದಾಗ ಯಾವನೋ ಅದರ ಬಾಯಿಗೆ ತುರುಕಿದ ಬಟ್ಟೆ ಒಳಗೆ ಬಿದ್ದಿರಬೇಕು. ಎಂಜಿನ್ ಡೀಸೆಲ್ ಎಳೆಯುವಾಗ ಅದು ಹೋಗಿ ಪೈಪಿನ ಬಾಯಿ ಮುಚ್ಚುತ್ತಿತ್ತು. ಎಂಜಿನ್ ನಿಂತು ಎಳೆತ ತಗ್ಗಿದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಮಿಸ್ತ್ರಿ ಅದನ್ನು ನೆಲದ ಮೇಲೆ ಹರಡಿ ಬಹಳ ಹೊತ್ತು ನೋಡಿದ. ನಾವಿಬ್ಬರೂ ನಗಲಿಲ್ಲ.

ಮುಂದೆ ಒಮ್ಮೆ ಮಟಕಿಗೆ ಹೋದಾಗ ಆ ಮನೆಗೆ ಹೋದೆ. ತಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆ ಚಹಾ ತಂದಳು. ನಾನು ಅರಿವೆಯ ಸಂಗತಿ ಎಲ್ಲವನ್ನೂ ಹೇಳಿದೆ.

"ಅರಿವಿ?" ಎಂದಳು. ಕೈಯಲ್ಲಿದ್ದ ಮೊರ ಸ್ವಲ್ಪ ಹೊತ್ತು ನಿಂತಿತು. "ಅವತ್ತ ಗೊತ್ತಿದ್ದಿದ್ರ ತೆಗಿಯಾಕ ಎಷ್ಟ್ ಹೊತ್ತ್ ಹಿಡೀತಿತ್ತು?"

"ಭಾಳ ಇಲ್ರಿ ಯವ್ವಾ. ಪೈಪ್ ಬಿಚ್ಚಿ ಒಂದೀಟು ಊದಿದ್ರ ಅರಿವಿ ಸರಿದು ಗಾಡಿ ಹೋಗ್ತಿತ್ರಿ."

ಮೊರ ಮತ್ತೆ ಆಡತೊಡಗಿತು. ಚಹಾ ಆರುತ್ತಿದೆ, ಕುಡಿಯಿರಿ ಎಂದು ಸೊಸೆ ಬಾಗಿಲಿನಿಂದ ನೆನಪಿಸಿದಳು.