ಮೂರು ದಿನ ಉಳಿದ ಚಿತ್ರ

ಬಾಜೂ ಮನೆಗೆ ಸುಣ್ಣ ಹಚ್ಚುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ಬಂದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ. ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಇದಕ್ಕೆ ನನ್ನ ನೆಗಡಿಯೇ ಕಾರಣವೆಂದು ಹೆಂಡತಿ ನಂಬಿದ್ದಾಳೆ. ನಿಮಗೆ ಖರೆ ಹೇಳುತ್ತೇನೆ.

ಐವತ್ತರ ದಶಕದ ಮೊದಲಲ್ಲಿ ನಾನು ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಊರಿನ ಹೆಸರು ಬೇಡ; ಅಂಥ ಊರುಗಳು ಆಗ ಎಲ್ಲ ಕಡೆಗೂ ಇದ್ದವು. ಮೈಮೇಲೆ ಕರಿ ಕೋಟು, ಕೈಯಲ್ಲೊಂದು ಕೊಡೆ. ಮಳೆ ಇರಲಿ ಬಿಡಲಿ, ಕೊಡೆಯಿಲ್ಲದಿದ್ದರೆ ಜನ ನನ್ನನ್ನು ಮಾಸ್ತರನೆಂದು ಗುರುತಿಸಲಿಕ್ಕಿಲ್ಲ ಎಂಬ ಭಯ. ಶಾಲೆಗೆ ಹೊಸ ಗೋಡೆ ಎದ್ದಾಗ, ಅದರ ಮೇಲೆ ಚಿತ್ರ ಬರೆಸಲು ಗೋಕಾಕದಿಂದ ಪರಶುರಾಮನನ್ನು ಕರೆಸಿದೆ. ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುವವನು. ಕಣ್ಣು ಬರೆಯುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ನವಿಲು, ಕಮಲ, ಧ್ವಜ ಬರೆದರೆ ಸಾಕೆಂದು ಹೇಳಿದ್ದೆ.

ನನ್ನ ಖೋಲಿಯಲ್ಲೇ ಇಳಿದುಕೊಂಡಿದ್ದ. ರೊಟ್ಟಿ ತಿನ್ನುತ್ತ ಒಂದು ಮಧ್ಯಾಹ್ನ ಆ ಬೇಸಿಗೆಯ ಸಂಗತಿ ಹೇಳಿಬಿಟ್ಟೆ. ಲಕ್ಕಪ್ಪನೆಂಬ ಕೂಲಿಯವನು, ಬಾಯಾರಿ ಅಳುತ್ತಿದ್ದ ಮಗಳಿಗಾಗಿ ಊರ ಬಾವಿಯಿಂದ ಒಂದು ಕೊಡ ನೀರು ಸೇದಿದ್ದ. ಅವನ ಕೇರಿಯವರು ಆ ಬಾವಿ ಮುಟ್ಟುವಂತಿರಲಿಲ್ಲ. ನಾಲ್ವರು ಸೇರಿ ಬಡಿಗೆಯಿಂದ ಹೊಡೆದರು. ಎಡಗೈ ಮುರಿಯಿತು. ಪೊಲೀಸ್ ಫೌಜದಾರರು ಬಂದು ಕೇಳಿದಾಗ ಯಾರೂ ಏನೂ ನೋಡಿರಲಿಲ್ಲ.

"ನೀವ್ ಎಲ್ಲಿದ್ರಿ, ಮಾಸ್ತರ?" ಪರಶುರಾಮ ಕೇಳಿದ.

"ಅಲ್ಲೇ ಇದ್ನಿ."

"ಏನ್ ಮಾಡಿದ್ರಿ?"

"ನಿಂತಿದ್ನಿ."

ಪರಶುರಾಮ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದ.

ಎರಡು ದಿನ ಗೋಣಿತಟ್ಟು ಮರೆ ಕಟ್ಟಿಕೊಂಡು ಕೆಲಸ ಮಾಡಿದ. ತಟ್ಟು ಇಳಿಸಿದಾಗ ನವಿಲಿರಲಿಲ್ಲ, ಬಾವಿ ಇತ್ತು. ನೆಲಕ್ಕೆ ಬಿದ್ದವನ ಮುಖ ಕಾಣುತ್ತಿರಲಿಲ್ಲ. ಹಗ್ಗ ಬಿಡದ ಅವನ ಕೈ ಮಾತ್ರ. ಹೊಡೆಯುವವರದು ಬರೀ ಬೆನ್ನು. ಸುತ್ತ ನಿಂತು ನೋಡುವವರಿಗಷ್ಟೇ ಪೂರ್ತಿ ಮುಖ, ಗೊಂಬೆಗಳಿಗಿರುವಂಥ ಅಗಲ ಕಣ್ಣು. ಅವರ ನಡುವೆ ಒಬ್ಬ ಕೊಡೆ ಹಿಡಿದಿದ್ದ.

ಜನ ಬಂದರು. ಯಾರೂ ಗದ್ದಲ ಮಾಡಲಿಲ್ಲ. ತಮ್ಮ ಮುಖ ಹುಡುಕುವವರಂತೆ ನೋಡಿ, ತಲೆ ತಗ್ಗಿಸಿ ಹೋಗುತ್ತಿದ್ದರು. ಮೂರನೆಯ ದಿನ ಗೌರವ್ವನೆಂಬ ಮುದುಕಿ ಗೋಡೆಯೆದುರು ಕೂತುಬಿಟ್ಟಳು. "ನಾನೂ ಅಲ್ಲೇ ಇದ್ನಿ ಯಪ್ಪಾ. ಬ್ಯಾಡ್ರೋ ಅನ್ನಾಕ ಬಾಯಿ ಬರಲಿಲ್ಲ. ಫೌಜದಾರ ಮತ್ತ ಬಂದ್ರ ಹೇಳ್ತೀನಿ."

ಅಂದು ಸಂಜೆ ಗೌಡರು ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಮಾಸ್ತರ, ಇನ್ಸ್‌ಪೆಕ್ಟರ್ ಸಾಹೇಬ್ರು ಸಾಲಿ ನೋಡಾಕ ಬರ್ತಾರಂತ. ಗ್ವಾಡಿ ಬೆಳ್ಳಗಿದ್ರ ಚಂದ ಅಲ್ಲೇನ್ರಿ?" ಅಳಿಸು ಎನ್ನಲಿಲ್ಲ. ಅಂದಿದ್ದರೆ ಇವತ್ತು ತಪ್ಪು ಅವರ ಮೇಲೆ ಹಾಕಬಹುದಿತ್ತು. ಮರುದಿನ ನಾನೇ ಸುಣ್ಣ ಕಲಸಿದೆ. ಮೊದಲು ಬಳಿದದ್ದು ಕೊಡೆಯವನ ಮೇಲೆ.

ಚಿತ್ರ ಮುಗಿಸಿ ಗೋಕಾಕಕ್ಕೆ ಹೋಗಿದ್ದ ಪರಶುರಾಮ ತಿಂಗಳ ಮೇಲೆ ಆ ದಾರಿಯಲ್ಲಿ ಬಂದವನು ಗೋಡೆಯನ್ನು ಸವರಿ ನೋಡಿ, "ಸುಣ್ಣ ಚಲೋ ಹಚ್ಚೀರಿ, ಮಾಸ್ತರ," ಎಂದ. ಮತ್ತೆ ಅವನನ್ನು ಕಾಣಲಿಲ್ಲ. ಫೌಜದಾರರೂ ಬರಲಿಲ್ಲ, ಗೌರವ್ವ ಆ ವರ್ಷವೇ ತೀರಿಕೊಂಡಳು. ನನಗೆ ಮೂಡಲಗಿಗೆ ವರ್ಗವಾಯಿತು, ಇಲ್ಲೇ ಮುದುಕನಾದೆ.

ಹೋದ ತಿಂಗಳು ಇಲ್ಲಿನ ದವಾಖಾನೆಯಲ್ಲಿ ನನಗೆ ಸೂಜಿ ಚುಚ್ಚಿದ ನರ್ಸ್ ಲಕ್ಕಪ್ಪನ ಮಗಳು ರತ್ನಾ. ಮಾತಿಗೆ ಮಾತು ಬಂದು, ಊರಿನ ಹೆಸರು ಬಂದು, ಗುರುತು ಸಿಕ್ಕಿತು.

"ಆ ಚಿತ್ರ ಇದ್ದ ಮೂರೂ ದಿನ ಅಪ್ಪ ನನ್ನ ಕೈ ಹಿಡ್ಕೊಂಡ ಸಾಲಿ ಮುಂದ ಹಾದ ಹೋಗ್ತಿದ್ದ್ರಿ. 'ನೋಡವ್ವಾ, ನಮ್ಮದನ್ನ ಯಾರೋ ಖರೆ ಅಂದಾರ' ಅಂತಿದ್ದ. ನಾಕನೇ ದಿನದಿಂದ ಆ ಹಾದೀನ ಬಿಟ್ಟ."

ಸುಣ್ಣ ಬಳಿದವನು ನಾನೆಂದು ಹೇಳಿದೆ. ಅವಳು ಸೂಜಿಯನ್ನು ತಟ್ಟೆಯಲ್ಲಿಟ್ಟಳು.

"ಅಪ್ಪ ಈಗಿಲ್ಲ. ಆದ್ರೂ ನೀವ್ ಕಂಡದ್ದ ಬರದ ತರ್ರಿ, ಸರ್. ನನ್ನ ಮಕ್ಕಳ ಮುಂದ ಓದ್ರಿ."

ನಾಲ್ಕು ಪುಟ ಬರೆಯಲು ಮೂರು ವಾರ ಹಿಡಿಯಿತು. ಇಂದು ಮುಂಜಾನೆ ಅವಳ ಮನೆಗೆ ಹೋದೆ. ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಹೊಡೆದ ನಾಲ್ವರ ಹೆಸರು ಸಲೀಸಾಗಿ ಓದಿದೆ. ನೋಡುತ್ತ ನಿಂತವರಲ್ಲಿ ನನ್ನ ಹೆಸರು ಬಂದಾಗ ಕನ್ನಡಕ ಒರೆಸುವ ನೆವದಲ್ಲಿ ನಿಲ್ಲಿಸಿದೆ.

"ಮುಂದ ಓದ್ರಿ," ಎಂದಳು ರತ್ನಾ.

ಓದಿದೆ.