ನಾನು ಇಡದ ಕಟಗಿ

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನು. ನಕ್ಕು ಸುಮ್ಮನಾಗುತ್ತಿರಲಿಲ್ಲ, ಯಾವಾಗ, ಎಲ್ಲಿ, ಯಾರು ನೋಡಿದರು ಎಂದು ಕೆದಕಿ ಕೆದಕಿ ಅವರು ಎದ್ದು ಹೋಗುವವರೆಗೆ ಬಿಡುತ್ತಿರಲಿಲ್ಲ. ಪುಣೆಯ ಕಾತ್ರಜ ಕಡೆಯ ನಮ್ಮ ತಗಡಿನ ಮನೆಗಳ ಸಾಲಿನಲ್ಲಿ ಇಂಥ ಕತೆಗಳಿಗೆ ಬರವಿರಲಿಲ್ಲ. ಆದರೆ ನಾನು ಬಂದೆನೆಂದರೆ ಹೆಂಗಸರು ಮಾತು ಬದಲಿಸುತ್ತಿದ್ದರು. ಈಗ ನಾನೇ ಒಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಆ ದಿನ ನಾನು ಮನೆಯಿಂದ ಹೊರಟದ್ದು ಒಬ್ಬ ಮನುಷ್ಯನನ್ನು ಕೊಲ್ಲಲು.

ನಮ್ಮದು ಯಾದಗಿರಿ ಕಡೆಯ ಮನೆತನ. ಅಪ್ಪ ತೀರಿಕೊಂಡ ಮೇಲೆ ಅವ್ವ ಪುಣೆಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಳು. ನಾನು ಊರಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಅಣ್ಣ ಶರಣಪ್ಪ ಲಾರಿ ಕಲಿಯಲು ಗುಂಡಪ್ಪ ಎಂಬ ಉಸ್ತಾದನ ಕೈಕೆಳಗೆ ಸೇರಿದ. ಹೊಸದಾಗಿ ಹೆವಿ ಲೈಸೆನ್ಸ್ ಪಡೆದವನು ಹೀಗೆ ಒಬ್ಬ ಹಳೆಯ ಡ್ರೈವರನ ಪಕ್ಕದಲ್ಲಿ ಕೆಲವು ಟ್ರಿಪ್ ಕೂತ ಮೇಲೆಯೇ ಅವನ ಕೈಗೆ ಗಾಡಿ ಕೊಡುವುದು. ಗುಂಡಪ್ಪ ಅಕ್ಕಲಕೋಟೆ ಕಡೆಯವನು, ನಮ್ಮ ಭಾಷೆಯವನೇ.

ಒಂದು ಮಧ್ಯಾಹ್ನ ಖಂಬಾಟಕಿ ಘಾಟ ಏರುವಾಗ ಗಾಡಿ ಕೆಟ್ಟಿತು. ಅಣ್ಣ ಕೆಳಗೆ ನುಸುಳಿದ್ದಾಗ ಗಾಡಿ ಹಿಂದಕ್ಕೆ ಸರಿಯಿತು. ಅಷ್ಟೇ. ಪೊಲೀಸರಿಗೆ, ಮಾಲೀಕನಿಗೆ, ಕೇಳಿದ ಎಲ್ಲರಿಗೆ ಉಸ್ತಾದ ಹೇಳಿದ್ದು ಒಂದೇ ಮಾತು: ಹುಡುಗ ಗಾಲಿಗೆ ಕಟಗಿ ಹಚ್ಚುವುದನ್ನು ಮರೆತಿದ್ದ. ಇಳಿಜಾರಿನಲ್ಲಿ ಗಾಡಿ ನಿಂತರೆ ಅದು ಉರುಳದಂತೆ ಗಾಲಿಯಡಿ ಇಡುವ ಮರದ ತುಂಡಿಗೆ ನಮ್ಮವರು ಕಟಗಿ ಎನ್ನುತ್ತಾರೆ.

ಅಣ್ಣ ಮರೆಯುವವನೇ ಅಲ್ಲ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಬೀಗ ಜಗ್ಗಿ ನೋಡುವ ಜಾತಿ. ತನ್ನ ಕಟಗಿಯನ್ನು ತಾನೇ ಜಾಲಿಯ ಮರದಲ್ಲಿ ಕೆತ್ತಿ, ತೂತು ಕೊರೆದು, ಅವ್ವನ ಹಳೆಯ ಸೀರೆಯ ಹಸಿರು ಅಂಚನ್ನು ಹೆಣೆದು ಹಿಡಿಕೆ ಮಾಡಿಕೊಂಡಿದ್ದ. ಅವನ ಚೀಲದ ಜೊತೆ ಅದೂ ಮನೆಗೆ ಬಂತು. ನೋಡಿ, ಕ್ಯಾಬಿನ್ನಿನಲ್ಲೇ ಬಿದ್ದಿತ್ತು, ಇಳಿಸಿಯೇ ಇರಲಿಲ್ಲ ಎಂದು ಮಾಲೀಕನ ಕಡೆಯವರು ಅದನ್ನೇ ಸಾಕ್ಷಿ ಮಾಡಿ ಕೊಟ್ಟರು. ಊರವರು ಏನಾದರೂ ಅಂದುಕೊಳ್ಳಲಿ, ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಅವ್ವ ಅದನ್ನು ನಂಬಿದಳು. ದಿನಾ ಬೆಳಿಗ್ಗೆ ಅಣ್ಣನ ಫೋಟೋದ ಮುಂದೆ ನಿಂತು, "ಯಾಕ ಮರ್ತೆಪ್ಪಾ, ಯಾಕ ಮರ್ತಿ?" ಎಂದು ಕೇಳುತ್ತಿದ್ದಳು. ಸತ್ತ ಮಗನನ್ನು ದಿನಾ ಬೈದಂತೆ ಇರುತ್ತಿತ್ತು ಅದು. ಅದನ್ನು ಕೇಳಿ ಕೇಳಿ ನನ್ನ ತಲೆಯಲ್ಲಿ ಗುಂಡಪ್ಪನ ಹೊರತು ಬೇರೆ ಏನೂ ಉಳಿಯಲಿಲ್ಲ.

ಓದು ಬಿಟ್ಟು ಪುಣೆಗೆ ಬಂದೆ. ಗಾಡಿ ಕಲಿತೆ, ಲೈಸೆನ್ಸ್ ತೆಗೆದೆ. ತಳೇಗಾಂವ ದಾಭಾಡೆಯಲ್ಲಿ ಅದೇ ಮಾಲೀಕನ ಕಚೇರಿಗೆ ಹೋಗಿ, ಕಲಿತರೆ ಗುಂಡಪ್ಪ ಉಸ್ತಾದರ ಹತ್ತಿರವೇ ಕಲಿಯಬೇಕೆಂಬ ಆಸೆ ಎಂದು ಹಲ್ಲು ಕಿಸಿದೆ. ಉಸ್ತಾದ ನನ್ನನ್ನು ಹಿಂದೆ ಕಂಡಿರಲಿಲ್ಲ, ಅಣ್ಣನ ಮಣ್ಣಿಗೂ ಬಂದಿರಲಿಲ್ಲ. ನಾನು ಮಾವನ ಅಡ್ಡಹೆಸರು ಹೇಳಿಕೊಂಡೆ. ಅವನು ನನ್ನ ಬೆನ್ನು ತಟ್ಟಿ, ತರಬೇಕಾದ ಸಾಮಾನು ಹೇಳಿದ: "ಹಾಸಗಿ, ಎರಡು ಜೋಡಿ ಅರಬಿ, ನೀರಿನ ಕ್ಯಾನು, ಬ್ಯಾಟರಿ, ನಿನ್ನ ತಾಟು ನೀನೇ ತಾ. ಕಟಗೀನೂ ತಾ, ತಮ್ಮಾ. ನನ್ನ ಗಾಡ್ಯಾಗಿನವು ಸವದಾವ." ಆ ಬಾಯಿಂದ ಕಟಗಿ ಎಂಬ ಮಾತು ಕೇಳಿದೆ. ಕೊಲ್ಲುವುದು ಹೇಗೆಂದು ಆಗಲೇ ನಿಶ್ಚಯವಾಯಿತು. ಹಳೆಯ ಗಾಡಿ, ಒಂದು ತಿಂಗಳ ಕಲಿಕೆ. ಒಂದಲ್ಲ ಒಂದು ಏರಿನಲ್ಲಿ ಅದು ನಿಲ್ಲುತ್ತದೆ, ಅವನು ಕೆಳಗೆ ಹೋಗುತ್ತಾನೆ, ನಾನು ಕಟಗಿ ಇಡುವುದಿಲ್ಲ. ಆಮೇಲೆ ಅವನದೇ ಮಾತನ್ನು ಅವನ ಹೆಂಡತಿಗೆ ಹೇಳುತ್ತೇನೆ: ಮರೆತಿತ್ತು.

ಹೊರಡುವ ದಿನ ಬೆಳಿಗ್ಗೆ ಚೀಲ ತುಂಬಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವ್ವ ನಸುಕಿನಲ್ಲೇ ಇಪ್ಪತ್ತು ಜೋಳದ ರೊಟ್ಟಿ ಬಡಿದು, ಕಟಕಾಗುವವರೆಗೆ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿದ್ದಳು. ಶೇಂಗಾ ಹಿಂಡಿ, ಕೆಂಪು ಖಾರ ಬೇರೆ ಬೇರೆ ಡಬ್ಬಿಗಳಲ್ಲಿ. ಜೇಜುರಿಯ ದೇವರ ಗುಡಿಯಿಂದ ತಂದ ಭಂಡಾರದ ಅರಿಶಿನವನ್ನು ನನ್ನ ಹಣೆಗೆ ಹಚ್ಚಿ, "ಉಸ್ತಾದ ಹೇಳಿದ್ದು ಕೇಳು. ಅಣ್ಣನಂಗ ಮರೀಬ್ಯಾಡ," ಎಂದು ಹೇಳಿ ಕೆಲಸಕ್ಕೆ ಹೋದಳು. ಯಾವ ಉಸ್ತಾದ ಎಂದು ಅವಳಿಗೆ ನಾನು ಹೇಳಿರಲಿಲ್ಲ.

ಅವಳು ಹೋದ ಮೇಲೆ ಹಾಸಿಗೆ ಸುತ್ತಿದೆ, ಬಟ್ಟೆ ತುರುಕಿದೆ. ಲೈಸೆನ್ಸ್ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಒಳಜೇಬಿಗಿಟ್ಟೆ. ಎಲ್ಲ ಆದ ಮೇಲೆ ಮಂಚದಡಿಯಿಂದ ಅಣ್ಣನ ಕಟಗಿಯನ್ನು ಎಳೆದು, ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದನ್ನು ಒಯ್ಯಬೇಕೆಂದು ಆಸೆಯಾಯಿತು. ಆದರೆ ಚೀಲದಲ್ಲಿದ್ದರೆ ಕೈಗೆ ಸಿಗುತ್ತದೆ, ಸಿಕ್ಕರೆ ಆ ಹೊತ್ತಿಗೆ ಮನಸ್ಸು ಮೆತ್ತಗಾದೀತು ಎಂಬ ಭಯ. ಜೋಳದ ಡಬ್ಬಿಯ ಹಿಂದೆ ಗೋಡೆಗೆ ಒತ್ತಿಟ್ಟು, ಮೇಲೆ ಗೋಣಿಚೀಲ ಮುಚ್ಚಿ, ಮನೆಗೆ ಬೀಗ ಹಾಕಿ ಬಂದೆ. ತಳೇಗಾಂವದಲ್ಲಿ ಚೀಲ ಬಿಚ್ಚಿ ಒಂದೊಂದೇ ಸಾಮಾನನ್ನು ಕ್ಯಾಬಿನ್ನಿನಲ್ಲಿ ಜೋಡಿಸಿದವನೂ ನಾನೇ. ಕಟಗಿ ಇರಲಿಲ್ಲ. ತಂದಿಯೇನು ಎಂದು ಉಸ್ತಾದ ಕೇಳಿದಾಗ ತಂದಿದ್ದೇನೆ ಎಂದೆ.

ಯಂತ್ರದ ಬಿಡಿಭಾಗಗಳನ್ನು ಹೇರಿಕೊಂಡು ಹುಬ್ಬಳ್ಳಿಗೆ ಹೊರಟೆವು. ನಾನು ತಿಂಗಳು ಕಾಯಲು ತಯಾರಾಗಿದ್ದೆ. ಮೊದಲ ದಿನವೇ, ಅದೇ ಖಂಬಾಟಕಿಯ ಏರಿನಲ್ಲಿ, ಹಾಡಹಗಲೇ, ಹಿಂದೆ ಎಲ್ಲೋ ಬ್ರೇಕಿನ ಗಾಳಿ ಸೋರುವ ಸದ್ದು ಶುರುವಾಯಿತು. ಉಸ್ತಾದ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. "ಇಳಿದು ಕಟಗಿ ಹಚ್ಚು. ಆಮ್ಯಾಲ ಸೀಟಿನ್ಯಾಗ ಕೂತು ಬ್ರೇಕ್ ಒತ್ತಿ ಹಿಡಿ. ನಾ ಅನ್ನೂತನಕಾ ಕಾಲು ತಗೀಬ್ಯಾಡ," ಎಂದ.

ಇಳಿದು ಹಿಂದೆ ಹೋದೆ. ಸದ್ದು ಕೇಳಲಿ ಎಂದು ಒಂದು ಕಲ್ಲು ಎತ್ತಿ ಟೈರಿಗೆ ಎರಡು ಏಟು ಹಾಕಿದೆ. ಕಲ್ಲನ್ನು ರಸ್ತೆಯ ಗೋಡೆಯಾಚೆ ಎಸೆದೆ. ಗಾಲಿಯ ಹಿಂದೆ ಡಾಂಬರಿನ ಹೊರತು ಏನೂ ಇರಲಿಲ್ಲ, ಬಗ್ಗಿ ನೋಡಿದ್ದೇನೆ. "ಹಚ್ಚೀನ್ರಿ ಉಸ್ತಾದ," ಎಂದು ಕೂಗಿ, ಹತ್ತಿ ಕೂತು, ಬ್ರೇಕ್ ಒತ್ತಿದೆ. ಅವನು ಹ್ಯಾಂಡ್‌ಬ್ರೇಕ್ ಬಿಡಿಸಿ, ಸೋರುವ ಜಾಗ ಹುಡುಕಲು ಪಾನಾ ಹಿಡಿದು ಮುಂದಿನ ಗಾಲಿಗಳ ನಡುವಿನಿಂದ ಕೆಳಗೆ ನುಸುಳಿದ. ಇಡೀ ಗಾಡಿ ಈಗ ನನ್ನ ಬಲಗಾಲಿನ ಮೇಲಿತ್ತು.

ಹೆದರಿಕೆಯಾಗಲಿಲ್ಲ. ಹಸಿದವನಿಗೆ ತಾಟು ಬಡಿಸಿದಂತೆ ಇತ್ತು. ಅಣ್ಣಾ ನೋಡು ಎಂದು ಬಾಯಿಬಿಟ್ಟು ಹೇಳಿ ಕಾಲು ತೆಗೆದೆ.

ಗಾಡಿ ನಾಲ್ಕು ಬೆರಳಿನಷ್ಟು ಹಿಂದೆ ಸರಿದು, ಕಟಕ್ ಎಂದು ನಿಂತಿತು. ನಾನು ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡು ಕೂತೆ. ಉರುಳಲಿಲ್ಲ. ಗೇರನ್ನು ಅಲ್ಲಾಡಿಸಿ ನೋಡಿದೆ, ಅದು ಯಾವುದಕ್ಕೂ ಸಿಕ್ಕಿರಲಿಲ್ಲ. ಅಷ್ಟು ಭಾರ, ಅಷ್ಟು ಇಳಿಜಾರು, ಗಾಡಿ ಮಾತ್ರ ಸುಮ್ಮನೆ ನಿಂತಿತ್ತು. ಸಿಟ್ಟಿನಿಂದ ಸ್ಟೇರಿಂಗಿಗೆ ಗುದ್ದಿದೆ. ಕೆಳಗೆ ಜಿಗಿದು ಓಡಿಹೋದಾಗ ಉಸ್ತಾದ ಆಗಲೇ ಹೊರಬಂದು ಎಡಗಡೆಯ ಹಿಂದಿನ ಗಾಲಿಯ ಮುಂದೆ ನಿಂತಿದ್ದ. ಬೈಯುತ್ತಿರಲಿಲ್ಲ. ಗಾಲಿಯಡಿ ಅಣ್ಣನ ಕಟಗಿ ಇತ್ತು. ಅದೇ ಜಾಲಿಯ ಮರ, ಅದೇ ಹಸಿರು ಅಂಚಿನ ಹಿಡಿಕೆ.

"ಇದು ನಿನಗ ಎಲ್ಲಿ ಸಿಕ್ತು?" ಎಂದ. ನಾನು ಬಗ್ಗಿ ಆ ಹಿಡಿಕೆಯನ್ನು ಮುಟ್ಟಿ ನೋಡಿದೆ. ಅವನು, "ಶರಣ್ಯಾ ನಿನಗೇನಾಗಬೇಕು?" ಎಂದ.

"ಅಣ್ಣ."

ಅವನು ರಸ್ತೆಯ ಮೇಲೆಯೇ ಕೂತುಬಿಟ್ಟ. ನಾನು ಕೇಳಲೂ ಇಲ್ಲ, ಅವನೇ ಹೇಳಿದ. "ಅವತ್ತ ಅವ ಹಚ್ಚಿದ್ದ. ಕೆಲಸ ಮುಗೀತು, ತಗಿ ಅಂತ ನಾನೇ ಅಂದೆ. ಅವ ತಗದು ಇನ್ನಾ ಹೊರಗ ಬಂದಿದ್ದಿಲ್ಲ. ನನಗ ಫೋನ್ ಬಂತು, ಬ್ರೇಕಿನ ಮ್ಯಾಲಿನ ಕಾಲು ತಗದೆ. ಅವನ ಕೈಯಾಗಿನ ಕಟಗಿ ತಂದು ಕ್ಯಾಬಿನ್ನಿನ್ಯಾಗ ಒಗದವ ನಾ."

ಈ ಮಾತನ್ನು ನಮ್ಮವ್ವನ ಮುಂದೆ ಹೇಳಬೇಕು ಎಂದೆ. ಅವನು ಆಗಲಿ ಎಂದು ತಲೆಯಾಡಿಸಿದ. ಹುಬ್ಬಳ್ಳಿಗೆ ಹೋಗಿ ಮರಳುವವರೆಗೆ ಮೂರು ದಿನ ಒಂದೇ ಕ್ಯಾಬಿನ್ನಿನಲ್ಲಿದ್ದೆವು. ಅವನು ಬೇಯಿಸಿದ ಅನ್ನವನ್ನು ನಾನು ಮುಟ್ಟಲಿಲ್ಲ, ಅವ್ವನ ರೊಟ್ಟಿ ತಿಂದೆ. ನಾನು ಪಕ್ಕದಲ್ಲಿರುವಷ್ಟು ಹೊತ್ತು ಅವನು ಕಣ್ಣು ಮುಚ್ಚಲಿಲ್ಲ. ಅದನ್ನು ನೋಡಿ ನನಗೆ ಸುಖವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಬಾಗಿಲಲ್ಲಿ ನಿಂತು ಅವನು ಎಲ್ಲವನ್ನೂ ಹೇಳಿದ. ನಮ್ಮ ಕಡೆ ಮನೆಗೆ ಯಾರೇ ಬಂದರೂ, ಜಗಳವಾಡಲು ಬಂದವನಿಗೂ, ಮೊದಲು ಒಂದು ಚರಿಗೆ ನೀರು ಕೊಡುತ್ತಾರೆ. ಹೇಳುತ್ತ ಹೇಳುತ್ತ ಅವನ ಗಂಟಲು ಒಣಗಿತು. ಎರಡು ಸಲ ನೀರಿನ ಕೊಡದ ಕಡೆ ನೋಡಿದ. ಅವ್ವ ಕೂತಲ್ಲಿಂದ ಏಳಲಿಲ್ಲ. ಎಲ್ಲ ಮುಗಿದ ಮೇಲೆ, "ಹೇಳಿದ್ದು ಆತಲ್ಲ, ನಡೀರಿ," ಎಂದಳು. ಮರುದಿನ ಪೊಲೀಸ್ ಠಾಣೆಗೂ ಬಂದು ಹೇಳುತ್ತೇನೆ ಎಂದವನು ರಾತ್ರೋರಾತ್ರಿ ಊರಿಗೆ ಹೋದ. ನಾನು ಹುಡುಕಿಕೊಂಡು ಹೋಗಲಿಲ್ಲ. ಅವ್ವ ಫೋಟೋದ ಮುಂದೆ ಆ ಪ್ರಶ್ನೆ ಕೇಳುವುದನ್ನು ಅಂದೇ ಬಿಟ್ಟಳು.

ಜೋಳದ ಡಬ್ಬಿಯ ಹಿಂದೆ ಗೋಣಿಚೀಲ ಇಟ್ಟಂತೆಯೇ ಇತ್ತು. ಅದರಡಿ ಏನೂ ಇರಲಿಲ್ಲ. ತಾನು ಮುಟ್ಟಿಲ್ಲವೆಂದು ಅವ್ವ ಭಂಡಾರ ಮುಟ್ಟಿ ಆಣೆ ಮಾಡಿದಳು; ಅದು ಅಲ್ಲಿದ್ದದ್ದೂ ಅವಳಿಗೆ ಗೊತ್ತಿರಲಿಲ್ಲ. ಓದಿಕೊಂಡ ಗೆಳೆಯನೊಬ್ಬ, ನೀನೇ ಚೀಲಕ್ಕೆ ಹಾಕಿಕೊಂಡು, ನೀನೇ ಇಟ್ಟು, ನೀನೇ ಮರೆತಿದ್ದೀಯ ಎನ್ನುತ್ತಾನೆ. ಹಾಗಾದರೆ ಆ ಕಲ್ಲಿನ ತೂಕ, ಟೈರಿಗೆ ಹೊಡೆದ ಸದ್ದು, ಬರಿಯ ಡಾಂಬರು ಇಷ್ಟು ಸ್ಪಷ್ಟವಾಗಿ ನೆನಪಿರುವುದು ಹೇಗೆ? ಕಾಲು ತೆಗೆದದ್ದನ್ನು ಅವ್ವನಿಗೆ ಎಷ್ಟೋ ದಿನದ ಮೇಲೆ ಹೇಳಿದೆ. ಅವಳು, "ಶರಣ್ಯಾ ಹಚ್ಚಿದ್ದು ಅವನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ," ಎಂದಳು. ಇರಬಹುದು. ನಾನು ಜೈಲಿನಲ್ಲಿಲ್ಲ, ನನಗೆ ಹೆಂಡತಿ ಮಕ್ಕಳಿದ್ದಾರೆ, ಇದೆಲ್ಲ ನನಗೂ ಗೊತ್ತಿದೆ. ಆದರೂ ಆ ಗಾಡಿ ಉರುಳಬೇಕಿತ್ತು ಎಂದು ಕೆಲವು ದಿನ ಈಗಲೂ ಅನಿಸುತ್ತದೆ. ಕಟಗಿ ಇಟ್ಟವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಇಡುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು.